ಸೈಕಲ್ ಇಳಿದು ಓಡುವ ಅಭ್ಯಾಸಕ್ಕೆ ಯಾವುದು ವಾಸಿ: ಜಿಮ್ಮಾ, ರಸ್ತೆನಾ, ಮನೆ ಟ್ರೈನರ್ರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮನೆಯ ಟ್ರೈನರ್‌ಗೆ. ಸೈಕಲ್ಲಿನ ಹಿಂದಿನ ಚಕ್ರವನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ನಿಂತಲ್ಲೇ ತುಳಿಯುತ್ತಾರಲ್ಲ, ಅದು. ಗೋವಾದ ಐರನ್‌ಮ್ಯಾನ್ 70.3 ರೇಸಿನ ತಯಾರಿಗೆ ಜಿಮ್ಮಿನ ಟ್ರೆಡ್‌ಮಿಲ್, ದೇವನಹಳ್ಳಿ ಕಡೆಯ ರಸ್ತೆ, ಈ ಟ್ರೈನರ್ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಹಾಗೆ ಬೆಂಗಳೂರಿನ ಫ್ಲಾಟಲ್ಲಿದ್ದು, ಆಫೀಸಿಗೆ ಮುಂಚೆ ಎಲ್ಲ ಮುಗಿಸಬೇಕಾದವರಿಗೆ ಇದನ್ನು ಬರೆಯುತ್ತಿದ್ದೇನೆ.

ಈ ರೇಸಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಹಾಫ್ ಮ್ಯಾರಥಾನ್ ಓಡಿ ಪಳಗಿದವರಿಗೂ ಇಲ್ಲಿ ಮೊದಲ ಒಂದೆರಡು ಕಿಲೋಮೀಟರ್ ಬೇರೆಯೇ ಓಟ. ಗಂಟೆಗಟ್ಟಲೆ ಬಗ್ಗಿ ತುಳಿದು ಸೊಂಟ ಬಿಗಿದಿರುತ್ತದೆ, ತೊಡೆ ಸೋತಿರುತ್ತದೆ, ಹೆಜ್ಜೆ ನಮ್ಮ ಮಾತು ಕೇಳುವುದಿಲ್ಲ. ಇದಕ್ಕೆ ಮದ್ದು ಅಂದರೆ ಸೈಕಲ್ ಇಳಿದ ತಕ್ಷಣ ಓಡುವುದು, ಬ್ರಿಕ್ ಅಂತಾರೆ. ಆ 'ತಕ್ಷಣ' ಸಿಗುತ್ತಾ ಇಲ್ವಾ ಅನ್ನುವುದೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ.

ಜಿಮ್ ಸೋಲುವುದು ಅಲ್ಲೇ. ವರ್ಷದ ಪಾಸಿಗೆ 18,000 ರೂಪಾಯಿ ಕೊಟ್ಟಿದ್ದೆ. ಸೈಕಲ್ ತುಳಿದುಕೊಂಡು ಜಿಮ್ಮಿಗೆ ಬರಬೇಕು, ಬೇಸ್‌ಮೆಂಟಲ್ಲಿ ಬೀಗ ಹಾಕಬೇಕು, ಹೊರಗಿನ ಶೂ ಒಳಗೆ ನಡೆಯುವುದಿಲ್ಲ ಅಂತ ಬ್ಯಾಗಿಂದ ಬೇರೆ ಜೋಡಿ ತೆಗೆಯಬೇಕು, ಬೆವರು ಒರೆಸಿಕೊಳ್ಳಬೇಕು, ಇಷ್ಟಾಗಿ ಮೇಲೆ ಹೋದರೆ ಟ್ರೆಡ್‌ಮಿಲ್ ಮೇಲೆ ಯಾರೋ ಫೋನಲ್ಲಿ ಮಾತಾಡುತ್ತಾ ನಿಧಾನಕ್ಕೆ ನಡೀತಾ ಇರುತ್ತಾರೆ. ಪಕ್ಕದ ಗೋಡೆ ಮೇಲೆ 'ಬೆಳಿಗ್ಗೆ ಒಬ್ಬರಿಗೆ 20 ನಿಮಿಷ ಮಾತ್ರ' ಅನ್ನುವ ಚೀಟಿ. ನನ್ನ ಸರದಿ ಬರುವ ಹೊತ್ತಿಗೆ ಕಾಲಿನ ಬಿಗಿತ ಬಿಟ್ಟಿರುತ್ತದೆ. ಆಮೇಲೆ ಓಡುವುದು ಬರೀ ಓಟ, ಬ್ರಿಕ್ ಅಲ್ಲ.

ಜಿಮ್ಮಿನ ಸೈಕಲ್ಲೇ ತುಳಿಯಬಹುದಲ್ಲ ಅಂತ ಕೇಳುತ್ತಾರೆ. ಅದೂ ಮಾಡಿದೆ. ಅದರ ಸೀಟು, ಹ್ಯಾಂಡಲ್ ನಮ್ಮ ಸೈಕಲ್ಲಿನ ಅಳತೆಗೆ ಬರುವುದಿಲ್ಲ. ನೆಟ್ಟಗೆ ಕೂತು ತುಳಿದರೆ ಸೊಂಟಕ್ಕೆ ಆ ಹಿಡಿತವೇ ಬರುವುದಿಲ್ಲ, ಇಳಿದು ಓಡಿದರೆ ಹಾಯಾಗೇ ಇರುತ್ತದೆ. ರೇಸ್ ದಿನ ಆ ಹಾಯಿ ಎಲ್ಲಿಂದ ಬರಬೇಕು? ಟ್ರೆಡ್‌ಮಿಲ್ ಕೆಟ್ಟದ್ದಲ್ಲ, ಜೋರು ಮಳೆಯ ದಿನ ಅದೇ ಗತಿ. ಆದರೆ ಇದೊಂದು ಕೆಲಸಕ್ಕೆ ಆಗಿಬರುವುದಿಲ್ಲ.

ರಸ್ತೆ ಮೇಲಿನ ಸವಾರಿಗೆ ಸಾಟಿ ಇಲ್ಲ. ಗಾಳಿ, ಏರು, ಇಳಿಜಾರು ಎಲ್ಲ ಅಲ್ಲೇ ಕಲಿಯಬೇಕು. ತೊಂದರೆ ಏನಂದರೆ ಇಳಿದ ಮೇಲೆ ಸೈಕಲ್ ಎಲ್ಲಿ ಬಿಡೋದು? ಟೀ ಅಂಗಡಿಯಲ್ಲಿ "ಅಕ್ಕಾ, ಸ್ವಲ್ಪ ನೋಡ್ಕೊಳ್ಳಿ" ಅಂತ ಹೇಳಿ ಓಡಿದ್ದೂ ಇದೆ. ಅವರು ನೋಡಿಕೊಂಡರು, ಪಾಪ. ಆದರೆ ನನ್ನ ಮನಸ್ಸೆಲ್ಲ ಸೈಕಲ್ ಮೇಲೆ, ಅಂಗಡಿ ಕಾಣುವಷ್ಟು ದೂರದಲ್ಲೇ ಹೋಗಿ ಬಂದು ಮಾಡುತ್ತಿದ್ದೆ. ಕಾರಲ್ಲಿ ಜೊತೆಗೆ ಬರುವವರಿದ್ದರೆ ರಸ್ತೆಯೇ ವಾಸಿ, ಕಣ್ಣುಮುಚ್ಚಿ ಅದನ್ನೇ ಮಾಡಿ.

ಇನ್ನು ಟ್ರೈನರ್. ಸೆಕೆಂಡ್ ಹ್ಯಾಂಡಲ್ಲಿ 8,000ಕ್ಕೆ ಸಿಕ್ಕಿತು. ಓಡುವ ಶೂಗಳನ್ನು ಬಾಯಿ ಅಗಲಿಸಿ ಬಾಗಿಲ ಹತ್ತಿರ ಇಟ್ಟಿರುತ್ತೇನೆ, ಎಲಾಸ್ಟಿಕ್ ಲೇಸು, ಗಂಟು ಹಾಕುವ ಕೆಲಸವಿಲ್ಲ. ಕೊನೆಯ ಐದು ನಿಮಿಷ ಗೇರ್ ಹಗುರ ಮಾಡಿ ನಿಮಿಷಕ್ಕೆ 90 ಸುತ್ತಿನ ಹಾಗೆ ತುಳಿಯುತ್ತೇನೆ, ಇಳಿಯುತ್ತೇನೆ, ಶೂ ಬದಲಿಸಿ ಮೆಟ್ಟಿಲಿಳಿದು ಗೇಟು ದಾಟುತ್ತೇನೆ. ಎರಡು ನಿಮಿಷವೂ ಆಗುವುದಿಲ್ಲ. ವಾರದ ಮಧ್ಯೆ ಒಂದು ಗಂಟೆ ತುಳಿದು 20 ನಿಮಿಷ ಓಡಿದರೂ ಸಾಕು, ಕಾಲಿಗೆ ಪಾಠ ಆಗುತ್ತದೆ.

ಕಿರಿಕಿರಿ ಇದರಲ್ಲೂ ಇದೆ. ರೋಲರ್‌ಗೆ ಉಜ್ಜಿ ಹಿಂದಿನ ಟೈರ್ ಸವೆಯುತ್ತದೆ, ಕೆಳಗೆ ಕರೀ ಪುಡಿ ಉದುರಿರುತ್ತದೆ, ಹಳೇ ಟೈರ್ ಒಂದನ್ನು ಇದಕ್ಕೇ ಇಟ್ಟುಕೊಳ್ಳಿ. ಕೆಳಗಿನ ಮನೆಯವರಿಗೆ ಸದ್ದು ಹೋಗದ ಹಾಗೆ ದಪ್ಪ ರಬ್ಬರ್ ಮ್ಯಾಟ್ ಬೇಕೇ ಬೇಕು. ಹ್ಯಾಂಡಲ್ ಮೇಲೆ ಟವೆಲ್ ಹಾಕಿ, ಬೆವರಿನ ಉಪ್ಪು ಬೋಲ್ಟ್‌ಗಳನ್ನು ತಿನ್ನುತ್ತದೆ.

ಇನ್ನೊಂದು ಲಾಭ ಸೆಕೆ. ರೇಸ್ ನಡೆಯುವ ಗೋವಾದ ಮಿರಾಮಾರ್ ಬೀಚಲ್ಲಿ ಬೆಳಿಗ್ಗೆ ಈಜಿಗೆ ಇಳಿದರೂ ನಮ್ಮಂಥವರು ಓಡಲು ಶುರು ಮಾಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಜೊತೆಗೆ ಸಮುದ್ರದ ಧಗೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ಬೆಳಗಿನ ತಂಪು ಅದಕ್ಕೆ ನಮ್ಮನ್ನು ತಯಾರು ಮಾಡುವುದೇ ಇಲ್ಲ. ಸೆಕೆಗೆ ಮೈ ಒಗ್ಗಲು ಸುಮಾರು ಹತ್ತು ಹದಿನಾಲ್ಕು ದಿನ ಬೇಕು. ರೇಸಿಗೆ ಮುಂಚಿನ ಎರಡು ವಾರ ಫ್ಯಾನ್ ಹಾಕದೆ, ವೇಗ ಇಳಿಸಿ ತುಳಿಯುತ್ತೇನೆ. ಪಕ್ಕದಲ್ಲಿ ಓಆರ್‌ಎಸ್ ನೀರು ಇರಲೇಬೇಕು, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ಈಗ ವಾರದಲ್ಲಿ ಟ್ರೈನರ್, ಭಾನುವಾರ ರಸ್ತೆ ಅಂತ ಮಾಡಿಕೊಂಡಿದ್ದೇನೆ. ಜಿಮ್ ಪಾಸ್ ರಿನ್ಯೂ ಮಾಡಿಸಲ್ಲ, ಆ ದುಡ್ಡಲ್ಲಿ ಒಂದು ಜೊತೆ ಒಳ್ಳೇ ಶೂ, ಒಂದು ಮ್ಯಾಟ್, ಗೋವಾಗೆ ಬಸ್ ಟಿಕೆಟ್ ಮೂರೂ ಬರುತ್ತದೆ.