ತಿಮ್ನಾ ಪಾರ್ಕಿನ ದೇವದರ್ಶನದ ಗುಡಾರ: ಯಾಜಕಕಾಂಡ ಓದಿರೋರು ನೋಡ್ಲೇಬೇಕು

ಇಸ್ರೇಲಿನ ದಕ್ಷಿಣ ತುದೀಲಿ, ಏಲಾತ್‌ನಿಂದ ಸ್ವಲ್ಪ ಉತ್ತರಕ್ಕೆ ತಿಮ್ನಾ ಪಾರ್ಕ್ ಇದೆ, ಕೆಂಪು ಬಂಡೆಗಳ ಮರುಭೂಮಿ. ಅದರೊಳಗೆ ಮೋಶೆ ಕಾಲದ ದೇವದರ್ಶನದ ಗುಡಾರದ, ಅಂದ್ರೆ ಇಸ್ರಾಯೇಲ್ಯರು ಮರುಭೂಮೀಲಿ ಹೊತ್ಕೊಂಡು ಹೋಗ್ತಿದ್ದ ಆರಾಧನೆಯ ಗುಡಾರದ, ಫುಲ್ ಸೈಜ್ ಮಾದರಿ ಇಟ್ಟಿದ್ದಾರೆ. ಬೈಬಲಿನ ವಿಮೋಚನಕಾಂಡದಲ್ಲಿ ಹೇಳಿರೋ ಅಂಗಳ 100 ಮೊಳ ಉದ್ದ, 50 ಮೊಳ ಅಗಲ, ಅಂದ್ರೆ ಹೆಚ್ಚುಕಮ್ಮಿ 45 ಮೀಟರ್‌ಗೆ 22 ಮೀಟರ್. ಬೈಬಲ್ ಓದೋವಾಗ ಈ ಅಳತೆಗಳನ್ನ ಬೇಗ ಬೇಗ ದಾಟಿಬಿಡೋರೇ ಜಾಸ್ತಿ, ಇಲ್ಲಿ ನಿಂತ್ಮೇಲೆ ಹಾಗೆ ಓದೋಕಾಗಲ್ಲ.

ಜನ ಎಲ್ಲಾ ಒಳಗಿನ ಮಂಜೂಷ (ದೇವರ ಆಜ್ಞೆಗಳನ್ನ ಇಟ್ಟಿದ್ದ ಪೆಟ್ಟಿಗೆ), ಅದರ ಮೇಲಿನ ರೆಕ್ಕೆಯ ಕೆರೂಬಿಗಳು, ದೀಪಸ್ತಂಭ ನೋಡೋ ಆತುರದಲ್ಲಿರ್ತಾರೆ, ನನಗೆ ಮನಸ್ಸು ನಿಂತಿದ್ದು ಹೊರಗಡೆ ಯಜ್ಞವೇದಿ ಹತ್ರ. ಯಾಕಂದ್ರೆ ಸಾಮಾನ್ಯ ಇಸ್ರಾಯೇಲ್ಯ ಬರ್ತಿದ್ದದ್ದು ಇಲ್ಲೀವರೆಗೇ, ಗುಡಾರದೊಳಗೆ ಯಾಜಕರು ಮಾತ್ರ, ಅದರ ತೀರಾ ಒಳಗಿನ ಮಹಾಪವಿತ್ರಸ್ಥಾನಕ್ಕಂತೂ ವರ್ಷಕ್ಕೊಮ್ಮೆ ಬರೋ ದೋಷಪರಿಹಾರಕ ದಿನದಲ್ಲಿ ಮಹಾಯಾಜಕ ಒಬ್ನೇ. ಆದ್ರೆ ಬಲಿಗಳ ನಿಯಮ ಹೇಳೋ ಯಾಜಕಕಾಂಡದ 1ನೇ ಅಧ್ಯಾಯ ನೋಡಿ, ಹೋರಿ ತಂದವನೇ ಅದರ ತಲೆ ಮೇಲೆ ಕೈ ಇಡ್ಬೇಕು, ಅವನೇ ಕೊಯ್ಬೇಕು, ಚರ್ಮ ಸುಲಿದು ತುಂಡು ಮಾಡೋದೂ ಅವನೇ. ರಕ್ತ ಎರಚೋದು, ಬೆಂಕಿ ಮೇಲೆ ಜೋಡಿಸೋದು ಯಾಜಕರ ಕೆಲಸ. ತಾನು ಸಾಕಿದ ಪ್ರಾಣಿ, ತನ್ನ ಕೈಯಲ್ಲೇ. ಕ್ಷಮೆ ಕೇಳೋದು ಅಷ್ಟು ಸಲೀಸಾಗಿರಲಿಲ್ಲ ಆ ಜನಕ್ಕೆ. ಹಾಗಂತ ಬಡವನನ್ನ ಹೊರಗಿಟ್ಟಿರಲಿಲ್ಲ, 5ನೇ ಅಧ್ಯಾಯದಲ್ಲಿ ಕುರಿ ತರೋಕಾಗದವನು ಎರಡು ಪಾರಿವಾಳ ತರಲಿ, ಅದೂ ಇಲ್ದಿದ್ರೆ ಒಂಚೂರು ಗೋಧಿಹಿಟ್ಟು ಸಾಕು ಅಂತಿದೆ, ಅವನಿಗೂ ಅದೇ ಕ್ಷಮೆ. ನನಗೆ ಇಡೀ ಯಾಜಕಕಾಂಡದಲ್ಲಿ ಅತಿ ಪ್ರೀತಿಯ ಜಾಗ ಇದು.

ಚಿನ್ನ ಅಸಲಿ ಅಲ್ಲ, ಅದೇನೂ ಕೊರತೆ ಅನ್ಸಲ್ಲ. ಕೊರತೆ ಅಂದ್ರೆ ಎಲ್ಲಾ ತುಂಬಾ ಕ್ಲೀನಾಗಿದೆ, ದಿನಾ ಬೆಳಿಗ್ಗೆ ಒಂದು ಸಂಜೆ ಒಂದು ಕುರಿಮರಿ ಸುಡ್ತಿದ್ದ ಜಾಗದ ಹೊಗೆ, ವಾಸನೆ, ಬೂದಿ ಇದನ್ನೆಲ್ಲಾ ನಾವೇ ಕಲ್ಪಿಸ್ಕೋಬೇಕು, ಯಾವ ಮಾದರಿಯಾದ್ರೂ ಅಷ್ಟೇ ಬಿಡಿ.

ಅದೇ ಪಾರ್ಕಲ್ಲಿ ಈಜಿಪ್ಟಿನವರ ಹಾಥೋರ್ ದೇವಿ ಗುಡಿಯ ಅವಶೇಷನೂ ಇದೆ, ತಪ್ಪಿಸ್ಬೇಡಿ. ಪುರಾತತ್ವಜ್ಞ ಬೇನೋ ರೋಥೆನ್‌ಬರ್ಗ್ 1969ರಲ್ಲಿ ಅಗೆದಾಗ ಅಲ್ಲಿ ತಲೆಗೆ ಚಿನ್ನದ ಲೇಪ ಇರೋ ತಾಮ್ರದ ಹಾವು ಸಿಕ್ತು, ಈಜಿಪ್ಟಿನವರು ಹೋದ್ಮೇಲೆ ಅರೇಬಿಯಾ ಕಡೆಯ ಮಿದ್ಯಾನ್ಯರು ಆ ಜಾಗಕ್ಕೆ ಬಟ್ಟೆ ಗುಡಾರ ಹಾಕಿದ್ರು ಅಂತಾರೆ. ಮೋಶೆ ತಾಮ್ರದ ಹಾವು ಮಾಡಿ ಕಂಬಕ್ಕೇರಿಸಿದ ಕಥೆ ಇರೋ ಅರಣ್ಯಕಾಂಡ 21 ಓದಿರೋರಿಗೆ ಮೈ ಜುಮ್ ಅನ್ನುತ್ತೆ.

ಹೋಲಿ ಲ್ಯಾಂಡ್ ಟೂರ್ ಬುಕ್ ಮಾಡೋ ಮುಂಚೆನೇ ತಿಮ್ನಾ ಲಿಸ್ಟಲ್ಲಿ ಇದೆಯಾ ಕೇಳಿ, ಯೆರೂಸಲೇಮಿಂದ ಬಹಳ ದೂರ. ಬಿಸಿಲು ಜೋರು, ನೀರು, ಟೋಪಿ ಇರ್ಲಿ, ಹಿಂದಿನ ರಾತ್ರಿ ಯಾಜಕಕಾಂಡ 1ರಿಂದ 7 ಓದ್ಕೊಂಡು ಹೋಗಿ.