ಕಾರವಾರ ಪೇಟೆಯಲ್ಲಿ ನಾಯಿಯ ಹಸಿ ಊಟ: ಕೋಳಿ ಅಂಗಡಿ ಒಂದೇ ಸಾಲದು

ಪ್ಯಾಕೆಟ್ ಡಾಗ್ ಫುಡ್ ಬಿಡಿಸಿ ನಾಯಿಗೆ ಹಸಿ ಮಾಂಸ ಹಾಕಬೇಕು ಅಂದುಕೊಂಡವರು ಮೊದಲು ಹೋಗಿ ನಿಲ್ಲುವುದು ಕೋಳಿ ಅಂಗಡಿಯ ಮುಂದೆ. ಅಲ್ಲಿಂದಲೇ ಮನೆಗೆ ತಿರುಗಿದರೆ ನಾಯಿಯ ಊಟ ಅರ್ಧಕ್ಕೇ ನಿಂತಂತೆ. ಕಾರವಾರದಲ್ಲಿ ಕೋಳಿ, ಮಟನ್, ಮೀನು ಮೂರೂ ಕೈಗೆಟಕುವಷ್ಟು ಹತ್ತಿರ ಇವೆ. ಯಾವುದರಿಂದ ಏನು ತರಬೇಕು, ಏನು ಬಿಡಬೇಕು ಎಂಬ ಲೆಕ್ಕದಲ್ಲಿ ಈ ಮೂರನ್ನೂ ತೂಗಿ ನೋಡಿದ್ದೇವೆ.

ಒಂದು ಮಾತು ಮೊದಲೇ ಹೇಳಬೇಕು. ಅಮೆರಿಕದ ಪಶುವೈದ್ಯರ ಸಂಘ 2012ರಿಂದಲೂ ಹಸಿ ಮಾಂಸ ಬೇಡ ಎನ್ನುತ್ತಿದೆ. ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ನಾಯಿಯ ಬಾಯಿಂದ, ಬಟ್ಟಲಿನಿಂದ ಮನೆಯವರಿಗೂ ತಗಲುತ್ತವೆ. ಫ್ರೀಜರ್ ಅವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಮನೆಯಲ್ಲಿ ಹಸುಗೂಸು, ಗರ್ಭಿಣಿ, ವಯಸ್ಸಾದವರು ಇದ್ದರೆ ಈ ಪದ್ಧತಿಗೆ ಕೈ ಹಾಕಬೇಡಿ. ದೊಡ್ಡ ಜಾತಿಯ ಮರಿಗೆ ಒಂದು ವರ್ಷ ತುಂಬುವ ತನಕ ಬೇಡ, ಕ್ಯಾಲ್ಸಿಯಂ ಲೆಕ್ಕ ಸ್ವಲ್ಪ ತಪ್ಪಿದರೂ ಮೂಳೆ ಸೊಟ್ಟ ಬೆಳೆಯುತ್ತದೆ. ಕಿಡ್ನಿ ಅಥವಾ ಪ್ಯಾಂಕ್ರಿಯಾಸ್ ತೊಂದರೆ ಇರುವ ನಾಯಿಗಂತೂ ಬೇಡವೇ ಬೇಡ.

ಇನ್ನು ಲೆಕ್ಕ. ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇಕಡಾ 2ರಿಂದ 3ರಷ್ಟು ಊಟ ಬೇಕು. 20 ಕಿಲೋ ನಾಯಿಗೆ 500 ಗ್ರಾಂ ಇಟ್ಟುಕೊಳ್ಳಿ. ಅದರಲ್ಲಿ ಮೂಳೆ 50 ಗ್ರಾಂ, ಲಿವರ್ 25, ಕಿಡ್ನಿಯಂಥ ಇನ್ನೊಂದು ಒಳಾಂಗ 25, ಮಿಕ್ಕಿದ್ದು ಮಾಂಸ. ಹೃದಯ ಮತ್ತು ಗಿಜರ್ಡ್ (ಕೋಳಿ ಕಾಳು ಅರೆಯುವ ಗಟ್ಟಿ ಹೊಟ್ಟೆ) ಒಳಗಿನವೇ ಆದರೂ ಈ ಲೆಕ್ಕದಲ್ಲಿ ಮಾಂಸಕ್ಕೆ ಸೇರುತ್ತವೆ. ಗಿಜರ್ಡನ್ನು ಲಿವರ್ ಬದಲಿಗೆ ಹಾಕಿ ‘ಒಳಾಂಗ ಆಯಿತು’ ಅನ್ನುವ ತಪ್ಪು ಬಹಳ ಕಡೆ ನಡೆಯುತ್ತದೆ.

ಮೂಳೆಯ ವಿಷಯದಲ್ಲಿ ಕೋಳಿ ಅಂಗಡಿಗೆ ಪೂರ್ತಿ ಅಂಕ. ಚರ್ಮ ಸಮೇತ ತೂಗಿದರೆ ಕುತ್ತಿಗೆಯಲ್ಲಿ ಸುಮಾರು ಶೇಕಡಾ 36 ಮೂಳೆ, ರೆಕ್ಕೆಯಲ್ಲಿ 46, ಕಾಲಿನ ಪಂಜದಲ್ಲಿ 60. ಅಂದರೆ ಚರ್ಮ ಸಮೇತ ತೂಗಿದ 140 ಗ್ರಾಂ ಕುತ್ತಿಗೆ ಹಾಕಿದರೆ ದಿನದ 50 ಗ್ರಾಂ ಮೂಳೆ ಸಿಕ್ಕಿತು. ಪಂಜ ಅಗ್ಗ ಎಂದು ಬಟ್ಟಲು ತುಂಬಿಸಿದರೆ ಮಾರನೇ ದಿನ ಸುಣ್ಣದ ಉಂಡೆಯಂಥ ಗಟ್ಟಿ ಮಲ, ಮೂರನೇ ದಿನ ಮಲಬದ್ಧತೆ. ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಟ್ಟು ಬೆಳಿಗ್ಗೆ ಮೊದಲು ಕಡಿದದ್ದನ್ನೇ ತನ್ನಿ. ಹಲಗೆಯ ಮೇಲೆ ಬಿದ್ದಿದ್ದ ತುಂಡು ಬೇಡ. ಐಸ್ ಹಾಕಿದ ಡಬ್ಬಿ ಒಯ್ಯಿರಿ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಒಂದು ಗಂಟೆಯೊಳಗೆ ಮಾಂಸ ಫ್ರಿಜ್ ಸೇರಬೇಕು. ತೂಗಿದ ಮೇಲೆ ಚರ್ಮ ತೆಗೆಸಿಯೇ ತನ್ನಿ, ಕೊಬ್ಬು ಹೆಚ್ಚಾದರೆ ಮೊದಲ ವಾರದಲ್ಲೇ ಭೇದಿ. ಗಬಗಬ ನುಂಗುವ ದೊಡ್ಡ ನಾಯಿಗೆ ಬಿಡಿ ಕುತ್ತಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು; ಅಂಥದಕ್ಕೆ ಬೆನ್ನಿನ ದೊಡ್ಡ ತುಂಡು ಕೊಡಿ, ಅಥವಾ ಕುತ್ತಿಗೆಯನ್ನು ಕೀಮಾ ಮಾಡಿಸಿ. ಬೇಯಿಸಿದ ಕೋಳಿ ಮೂಳೆ ಚೂರಿಯ ಹಾಗೆ ಸೀಳುತ್ತದೆ, ಅದನ್ನು ಎಂದಿಗೂ ಹಾಕಬಾರದು. 2018ರಲ್ಲಿ ಪ್ರಕಟವಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಹಸಿ ಕೋಳಿಗೂ ನಾಯಿಯ ಕಾಲು ಸೋತುಹೋಗುವ ನರರೋಗಕ್ಕೂ ನಂಟು ಇದೆ ಎಂದು ತೋರಿಸಿದೆ. ಹಿಂಗಾಲು ತೂರಾಡುವುದು, ಬೊಗಳುವ ದನಿ ಬದಲಾಗುವುದು ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ.

ಕೋಳಿಯ ನಿಜವಾದ ಕೊರತೆ ಸತು, ಅಂದರೆ ಜಿಂಕ್. 1000 ಕಿಲೋಕ್ಯಾಲರಿ ಊಟಕ್ಕೆ 15 ಮಿಲಿಗ್ರಾಂ ಬೇಕು. ಕೋಳಿಯ 100 ಗ್ರಾಂ ಮಾಂಸದಲ್ಲಿ ಸಿಗುವುದು ಒಂದೆರಡು ಮಿಲಿಗ್ರಾಂ. ಬರೀ ಕೋಳಿಯ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಚರ್ಮ ಒರಟಾಗಿ ಪಂಜ ಬಿರಿಯುತ್ತದೆ. ಅದಕ್ಕೇ ಮಟನ್ ಅಂಗಡಿ ಬೇಕು, ಆಡಿನ ಮಾಂಸದಲ್ಲಿ ಸತು ಇದಕ್ಕಿಂತ ಬಹಳ ಹೆಚ್ಚು. ವಾರಕ್ಕೆ ಎರಡು ದಿನ ಕೋಳಿಯ ಮಾಂಸದ ಜಾಗದಲ್ಲಿ ಮಟನ್ ಚೂರು ಹಾಕಿ. ಮೂಳೆ ಮಾತ್ರ ಅಲ್ಲಿಂದ ಬೇಡ. ನಳ್ಳಿ ಮೂಳೆ ಕಡಿದು ದವಡೆ ಹಲ್ಲು ಸೀಳಿಕೊಳ್ಳುವ ನಾಯಿಗಳು ಕಡಿಮೆಯಿಲ್ಲ.

ಮಟನ್ ಒಳಾಂಗದ ಬಗ್ಗೆ ನಮ್ಮದು ಕಟ್ಟುನಿಟ್ಟಿನ ಅಭಿಪ್ರಾಯ: ಹಸಿಯಾಗಿ ಬೇಡ. ಆಡು ಕುರಿಯ ಪುಪ್ಪುಸ, ಲಿವರ್‌ನಲ್ಲಿ ನೀರು ತುಂಬಿದ ಗುಳ್ಳೆ ಇದ್ದರೆ ಅದು ಹೈಡಾಟಿಡ್, ಅಂದರೆ ಲಾಡಿಹುಳದ ಮರಿಗಳ ಚೀಲ ಇರಬಹುದು. ನಾಯಿ ಅದನ್ನು ತಿಂದರೆ ಹೊಟ್ಟೆಯಲ್ಲಿ ಲಾಡಿಹುಳ ಬೆಳೆದು, ಮಲದಲ್ಲಿ ಬೀಳುವ ಮೊಟ್ಟೆ ಮನುಷ್ಯರ ಲಿವರ್‌ಗೆ ಗಡ್ಡೆ ತರುತ್ತದೆ. ಗುಳ್ಳೆ ಕಂಡ ಅಂಗವನ್ನು ತರಲೇಬೇಡಿ. ಚೆನ್ನಾಗಿರುವುದನ್ನೂ ಅರ್ಧ ಗಂಟೆ ಕುದಿಸಿ ಹಾಕಿ, ಹಸಿ ಪದ್ಧತಿಯವರು ಒಪ್ಪದಿದ್ದರೂ ಸರಿ. ಲ್ಯಾಬ್ರಡಾರ್‌ಗೆ ಕೋಳಿ ಲಿವರ್ ಸಾಕು. ಆಡಿನದರಲ್ಲಿ ತಾಮ್ರ ಜಾಸ್ತಿ, ಆ ಜಾತಿಯ ಕೆಲವು ನಾಯಿಗಳ ಲಿವರ್‌ನಲ್ಲಿ ಅದು ಶೇಖರವಾಗುತ್ತದೆ. ಹಂದಿ ಮಾಂಸ ಹಸಿಯಾಗಿ ಬೇಡ.

ಮೀನು ಪೇಟೆ ಕಾರವಾರಕ್ಕೆ ಸಿಕ್ಕ ಭಾಗ್ಯ. ಒಮೆಗಾ-3, ವಿಟಮಿನ್ ಡಿ, ಅಯೋಡಿನ್ ಇಷ್ಟು ಸುಲಭವಾಗಿ ಒಳನಾಡಿನ ಊರುಗಳಿಗೆ ಸಿಗುವುದಿಲ್ಲ. ವಾರಕ್ಕೆ 250 ಗ್ರಾಂ ಬಂಗಡೆ ಅಥವಾ ತಾರ್ಲೆ (ಸಾರ್ಡೀನ್) ಸಾಕು, ಆದರೆ ಬೇಯಿಸಿ. ತಾರ್ಲೆಯ ಬಳಗದ ಮೀನು, ಚಿಪ್ಪಿನವು ಹಸಿಯಾಗಿದ್ದಾಗ ಅವುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ, ಅದು ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ. ಬಿಸಿಗೆ ಕಿಣ್ವ ನಾಶ. ಕುಕ್ಕರಿನಲ್ಲಿ ಚೆನ್ನಾಗಿ ಬೆಂದ ತಾರ್ಲೆಯ ಮುಳ್ಳು ಮೆತ್ತಗಾಗುತ್ತದೆ, ಬಂಗಡೆಯದು ತೆಗೆದೇ ಹಾಕಿ. ಬೇಯಿಸಿದರೂ ಹೋಗದ್ದು ಹಿಸ್ಟಮಿನ್: ಐಸ್ ಇಲ್ಲದೆ ಬಿದ್ದ ಬಂಗಡೆಯಲ್ಲಿ ಅದು ಕೂಡುತ್ತದೆ. ಕಣ್ಣು ಮಂಕಾಗಿ, ಬೆರಳೊತ್ತಿದರೆ ಕುಳಿ ಹಾಗೇ ಉಳಿದರೆ ಬಿಟ್ಟುಬಿಡಿ. ಶಿರಸಿಯವರು ಇಲ್ಲಿ ಇನ್ನಷ್ಟು ಜಾಗ್ರತೆ ಮಾಡಬೇಕು, ದೇವಿಮನೆ ಘಟ್ಟ ಹತ್ತಿ ಬರುವಷ್ಟರಲ್ಲಿ ಐಸ್ ಎಷ್ಟು ಉಳಿದಿದೆ ಎಂಬುದೇ ಪ್ರಶ್ನೆ. ಕಲ್ವ (ಆಯ್ಸ್ಟರ್ ಎಂಬ ಚಿಪ್ಪಿನ ಜೀವಿ) ಸಿಕ್ಕಿದಾಗ ವಾರಕ್ಕೆ ನಾಲ್ಕೈದನ್ನು ಬೇಯಿಸಿ ಹಾಕಿ, ಸತುವಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಣಮೀನು ಬೇಡ, ಉಪ್ಪು ವಿಪರೀತ. ಮೂರೂ ಅಂಗಡಿ ಸುತ್ತಿದ ಮೇಲೂ ವಿಟಮಿನ್ ಇ, ಮ್ಯಾಂಗನೀಸ್ ಕೊರತೆ ಉಳಿಯುತ್ತದೆ. ಗುಳಿಗೆಯ ಪ್ರಮಾಣ ಪಶುವೈದ್ಯರು ಹೇಳಲಿ.

ಬೆಂಗಳೂರು ಕಡೆಯಿಂದ ಪಾರ್ಸೆಲ್ ತರಿಸುವ ಫ್ರೋಜನ್ ಪ್ಯಾಕೆಟ್ ನಮಗೆ ಅಷ್ಟು ಒಪ್ಪಿಗೆಯಿಲ್ಲ. ಕೆಂಪು ನೀರು ಒಂದು ಮೂಲೆಗೆ ಸೇರಿ ಹೆಪ್ಪುಗಟ್ಟಿದ್ದರೆ ಅದು ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿದೆ, ವಾಪಸು ಮಾಡಿ. ಲೇಬಲ್ ಮೇಲೆ ‘ಸಂಪೂರ್ಣ ಆಹಾರ’ ಎಂದಿಲ್ಲದಿದ್ದರೆ ಅದು ಬರೀ ಕೀಮಾ ಎಂದೇ ತಿಳಿಯಿರಿ.

ಬದಲಾವಣೆಗೆ ಹತ್ತು ದಿನ ಇಡಿ. ಮೊದಲ ಮೂರು ದಿನ ಹಳೇ ಊಟದ ಕಾಲು ಭಾಗ ತೆಗೆದು ಚರ್ಮವಿಲ್ಲದ ಕೋಳಿ, ಮುಂದಿನ ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು, ಹತ್ತನೇ ದಿನ ಪೂರ್ತಿ. ಲಿವರ್ ಎರಡನೇ ವಾರದಿಂದ, ಅದೂ ಅರ್ಧ ಪ್ರಮಾಣದಲ್ಲಿ. ಮಲ ಕಪ್ಪಗೆ ಅಂಟಂಟಾದರೆ ಲಿವರ್ ಕಡಿಮೆ ಮಾಡಿ. ಲೋಳೆ ಬಂದರೆ ಆತುರ ಮಾಡಿದ್ದೀರಿ, ಒಂದು ಹಂತ ಹಿಂದಕ್ಕೆ ಹೋಗಿ. ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಆರು ವಾರಕ್ಕೊಮ್ಮೆ ಜಂತಿನ ಗುಳಿಗೆ ಕೊಡಿಸಿ, ಅದರಲ್ಲಿ ಲಾಡಿಹುಳ ಕೊಲ್ಲುವ ಪ್ರಾಜಿಕ್ವಾಂಟೆಲ್ ಇರಬೇಕು.

ಜೂನ್ 1ರಿಂದ ಜುಲೈ 31ರ ತನಕ ಟ್ರಾಲರುಗಳಿಗೆ ನಿಷೇಧ. ಮೇ ಕೊನೆಗೇ ಎರಡು ಕಿಲೋ ಬಂಗಡೆಯನ್ನು ದಿನದ ಡಬ್ಬಿಗಳಾಗಿ ಮಾಡಿ ಮೈನಸ್ 18ರಲ್ಲಿ ಇಡಿ. ಕರೆಂಟು ಹೋಗುವ ಕಾಲ ಅದು, ಹಾಗಾಗಿ ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿ ಮಾಡಿ ಅದರ ಮೇಲೊಂದು ನಾಣ್ಯ ಇಟ್ಟಿರಿ. ನಾಣ್ಯ ತಳ ಸೇರಿದ್ದು ಕಂಡರೆ ಆ ಡಬ್ಬಿಗಳಲ್ಲಿ ಒಂದನ್ನೂ ನಾಯಿಗೆ ಹಾಕಬೇಡಿ.