ಹಿತ್ತಲಿಗೆ ದೊಡ್ಡ ಕಾಯಿಲ್ ಬೇಡ: ಮೆಟಲ್ ಡಿಟೆಕ್ಟರ್ ಬಹುಕಾಲ ಬಳಸಿದ ಮೇಲೆ

ಇದು ಮಧ್ಯಮ ದರ್ಜೆಯ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಮೆಟಲ್ ಡಿಟೆಕ್ಟರ್. ಹಳೆಯ ಮನೆಗಳ ಅಂಗಳ, ಹಿತ್ತಲಲ್ಲಿ ನಾಣ್ಯ ಹುಡುಕಲು ಬಳಸುತ್ತೇನೆ, ಮನೆಯವರ ಒಪ್ಪಿಗೆ ಪಡೆದೇ. ಯಂತ್ರದ ಮೇಲೆ ದೂರಿಲ್ಲ. ತಕರಾರಿರುವುದು ಜೊತೆಗೆ ಬರುವ 11 ಇಂಚಿನ ಡಿಡಿ ಕಾಯಿಲ್ ಮೇಲೆ, ಅಂದರೆ ಕೋಲಿನ ತುದಿಯಲ್ಲಿದ್ದು ನೆಲದ ಮೇಲೆ ಬೀಸುವ, ಒಳಗೆ D ಆಕಾರದ ಎರಡು ತಂತಿ ಸುರುಳಿಗಳಿರುವ ತಟ್ಟೆಯ ಮೇಲೆ. ಬಯಲಲ್ಲಿ ಸೊಗಸು, ಮನೆಯ ಸುತ್ತ ಬರೀ ಕಿರಿಕಿರಿ.

ಕಾರಣ ಮೊಳೆ. ಮನೆ ಕಟ್ಟುವಾಗ, ಸೂರು ರಿಪೇರಿ ಮಾಡುವಾಗ ಬಿದ್ದವೆಲ್ಲ ಗೋಡೆಯ ಬುಡದ ಮಣ್ಣಲ್ಲೇ ಉಳಿದಿರುತ್ತವೆ. ದೊಡ್ಡ ಕಾಯಿಲಿನಡಿ ನಾಲ್ಕೈದು ಮೊಳೆಯ ನಡುವೆ ಒಂದು ನಾಣ್ಯವಿದ್ದರೆ, ಕಬ್ಬಿಣದ ಸದ್ದು ನಾಣ್ಯದ ಸದ್ದನ್ನು ನುಂಗಿಬಿಡುತ್ತದೆ. ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದನ್ನು ಅಡಗಿಸುವ ಸೆಟ್ಟಿಂಗ್) ಏರಿಸಿದರೆ ಇನ್ನೂ ಕಷ್ಟ: ಮೊಳೆಯ ಜೊತೆಗೆ ಪಕ್ಕದ ನಾಣ್ಯದ ಸದ್ದೂ ಅಡಗುತ್ತದೆ. ಕಬ್ಬಿಣದ ಗೊರಗೊರ ಸಣ್ಣದಾಗಿ ಕೇಳುತ್ತಲೇ ಇರಲಿ.

6 ಇಂಚಿನ ಕಾಯಿಲ್ ಬೇರೆಯಾಗಿ ಕೊಂಡು ಹಾಕಿದ ಮೇಲೆ ಈ ಯಂತ್ರ ಅಚ್ಚುಮೆಚ್ಚಾಯಿತು. ಆಳ ಒಂದಿಷ್ಟು ಕಡಿಮೆಯಾಗುವುದು ನಿಜ, ಆದರೆ ಹಿತ್ತಲಲ್ಲಿ ನಾಣ್ಯಗಳು ಹೆಚ್ಚಾಗಿ ಸಿಗುವುದು 15 ಸೆಂ.ಮೀ. ಒಳಗೇ. ಎರಡು ಮೊಳೆಗಳ ನಡುವಿನ ಸಂದಿಯಲ್ಲೂ ಇದು ನಾಣ್ಯವನ್ನು ಬೇರ್ಪಡಿಸಿ ಹೇಳುತ್ತದೆ. ಕಾಯಿಲ್ ಬದಲಿಸುವ ಮುನ್ನ ಯಂತ್ರ ಆಫ್ ಮಾಡಿ, ಕೇಬಲ್ಲನ್ನು ಕೋಲಿಗೆ ಬಿಗಿಯಾಗಿ ಸುತ್ತಿ. ಸಡಿಲವಾಗಿ ಅಲುಗಿದರೆ ಸುಳ್ಳು ಸದ್ದು ಬರುತ್ತದೆ. ಆಮೇಲೆ ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಖನಿಜಗಳಿಗೆ ಯಂತ್ರ ಕೂಗದಂತೆ ಮಾಡುವ ಹೊಂದಾಣಿಕೆ) ಹೊಸದಾಗಿ ಮಾಡಿ. ಚಿಕ್ಕ ಕಾಯಿಲ್ ಒಂದು ಬೀಸಿಗೆ ಕಡಿಮೆ ಜಾಗ ಮುಟ್ಟುವುದರಿಂದ, ಪ್ರತಿ ಬೀಸೂ ಹಿಂದಿನದರ ಅರ್ಧದ ಮೇಲೆ ಬರಬೇಕು. ಬೀಸಿನ ಕೊನೆಯಲ್ಲಿ ಕೈ ಮೇಲೆತ್ತಬಾರದು.

ನನಗೆ ತುಂಬ ಇಷ್ಟವಾಗುವುದು ಸದ್ದನ್ನು ಪರೀಕ್ಷಿಸುವ ಆ ಅರ್ಧ ನಿಮಿಷ. ಒಳ್ಳೆಯ ಟೋನ್ ಬಂದಲ್ಲಿ 90 ಡಿಗ್ರಿ ತಿರುಗಿ ನಿಂತು ಮತ್ತೆ ಬೀಸಿ. ಮಟ್ಟಸವಾಗಿ ಮಲಗಿದ ನಾಣ್ಯ ಎರಡೂ ದಿಕ್ಕಿನಿಂದ ಯಂತ್ರದ ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತದೆ. ಬಾಗಿದ ತುಕ್ಕು ಮೊಳೆ ಒಂದು ದಿಕ್ಕಿನಲ್ಲಿ ಬೆಳ್ಳಿಯ ಹಾಗೆ ಇಂಪಾಗಿ ಕೇಳಿ, ಇನ್ನೊಂದರಲ್ಲಿ ಗೊರಗುಟ್ಟುತ್ತದೆ. ವಸ್ತು ಇರುವ ನಿಖರ ಜಾಗ ಹೇಳುವ ಪಿನ್‌ಪಾಯಿಂಟ್ ಬಟನ್ ಒತ್ತಿದಾಗ ನಡುಜಾಗ ಪಕ್ಕಕ್ಕೆ ಸರಿದರೂ ಮೊಳೆಯೆಂದೇ ಲೆಕ್ಕ. ಮೊಳೆಗಳು ದಟ್ಟವಾಗಿರುವಲ್ಲಿ ಮಾತ್ರ, ಒಂದೇ ದಿಕ್ಕಿನದಾದರೂ ಪ್ರತಿ ಬೀಸಿಗೂ ಬರುವ ಸದ್ದನ್ನು ಅಗೆದೇ ನೋಡಬೇಕು.

ಅಗೆಯಲು ಮಣ್ಣು ತೇವವಾಗಿರುವ ದಿನವೇ ಒಳ್ಳೆಯದು. ಹುಲ್ಲು ಮತ್ತೆ ಹಿಡಿಯುತ್ತದೆ. ನೆಲದಡಿ ಕರೆಂಟು ಕೇಬಲ್, ನೀರಿನ ಪೈಪು ಹೋಗಿರುವ ಕಡೆ ಸಲಿಕೆ ಹಾಕಬೇಡಿ. ಮೂರು ಬದಿ ಸುಮಾರು 10 ಸೆಂ.ಮೀ. ಆಳಕ್ಕೆ ಕತ್ತರಿಸಿ, ನಾಲ್ಕನೆಯದನ್ನು ಬಿಟ್ಟು, ಹುಲ್ಲಿನ ಹೆಂಟೆಯನ್ನು ಪುಸ್ತಕದ ರಟ್ಟಿನಂತೆ ಮಗುಚಿ. ಸಡಿಲ ಮಣ್ಣನ್ನು ಬಟ್ಟೆಯ ಮೇಲೆ ಹಾಕಿದರೆ ಗುಂಡಿ ಗುರುತಿಲ್ಲದಂತೆ ಮುಚ್ಚಬಹುದು. ನಾಣ್ಯ ಕಂಡ ತಕ್ಷಣ ಬೆರಳಲ್ಲಿ ಉಜ್ಜಬೇಡಿ, ಮರಳಿನ ಕಣ ಗೀರು ಹಾಕುತ್ತದೆ. ಡಿಸ್ಟಿಲ್ಡ್ ನೀರಲ್ಲಿ ನೆನೆಯಲು ಬಿಡಿ.

ಉಳಿದಿರುವ ಒಂದೇ ದೋಷ ಕಾಯಿಲ್ ಕವರ್. ಅದರ ಸಂದಿಗೆ ಒದ್ದೆ ಮಣ್ಣು ಸೇರಿಕೊಂಡರೆ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಪ್ರತಿ ಸಲ ಬಿಚ್ಚಿ, ತೊಳೆದು, ಒಣಗಿಸಿಯೇ ಹಾಕಬೇಕು.